ಜೋಳದ ಮುಂದೆ ನಾನು ಹಾಕಿದ ಟಿಕ್ಕು

ನಮ್ಮ ಮನೆತನದಲ್ಲಿ ಮೊದಲು ಬಿ.ಎ. ಪಾಸಾದವನು ನಾನು. ಇದನ್ನು ಕೇಳದವರಿಗೂ ಹೇಳುವ ಚಟ ನನಗಿತ್ತು; ಒಂದು ತಿಂಗಳಿಂದ ಕೇಳಿದವರಿಗೂ ಹೇಳುತ್ತಿಲ್ಲ. ಓದಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ: ಊರವರ ಮನಸ್ಸಿನಲ್ಲಿರುವುದು ಊರವರಿಗಿಂತ ತನಗೇ ಚೆನ್ನಾಗಿ ಗೊತ್ತು ಎಂಬ ರೋಗ.

ರೇಷನ್ ಅಂಗಡಿಯಲ್ಲಿ ಅಕ್ಕಿಯ ಬದಲು ಜೋಳ ಕೊಡಲು ರಾಜ್ಯಕ್ಕೆ ಮನಸ್ಸು. ಅದಕ್ಕೆ ಕೇಂದ್ರ ತನ್ನ ನಿಯಮ ಸಡಿಲಿಸಬೇಕು. ದಿಲ್ಲಿಗೆ ಪತ್ರ, ಪತ್ರದ ಜೊತೆ ಜನರ ಅಭಿಪ್ರಾಯ. ನಮ್ಮೂರು ಐನಾಪುರದ ಅಭಿಪ್ರಾಯ ತರುವ ಕೆಲಸ ಚಂದಾಪುರದ ಕಚೇರಿಯಲ್ಲಿ ಗುಮಾಸ್ತನಾದ ನನ್ನ ಪಾಲಿಗೆ ಬಂತು. ಮನೆಮನೆಗೆ ಹೋಗಿ ಕೇಳಬೇಕಿತ್ತು. ಬಿಸಿಲು ಜೋರಿತ್ತು. ಅದೇ ಊರಿನವನಾದ ನಾನು ಕೇಳುವುದೇನಿದೆ? ಫ್ಯಾನಿನ ಕೆಳಗೆ ಕುಳಿತು ಎಲ್ಲ ಹೆಸರುಗಳ ಮುಂದೆಯೂ ಜೋಳಕ್ಕೆ ಟಿಕ್ಕು ಹಾಕಿ, ಕೊನೆಗೆ 'ರೊಟ್ಟಿಯೇ ನಮ್ಮ ಜನರ ಉಸಿರು' ಎಂದು ದುಂಡಗಿನ ಅಕ್ಷರದಲ್ಲಿ ಬರೆದೆ. ಸಾಹೇಬರು ಮೆಚ್ಚಿದರು. ಅಂದು ನನ್ನ ಡಬ್ಬಿಯಲ್ಲಿದ್ದದ್ದು ಚಿತ್ರಾನ್ನ.

ನಮ್ಮ ಪಕ್ಕದ ಮನೆ ದೊಡ್ಡವ್ವನದು. ಖಾನಾವಳಿಯಲ್ಲಿ ವರ್ಷಗಟ್ಟಲೆ ರೊಟ್ಟಿ ಬಡಿದು ನನ್ನನ್ನು ಓದಿಸಿದವಳು. ಈಗ ಆಕೆಯ ಮಣಿಕಟ್ಟು ಮಡಚುವುದಿಲ್ಲ. ರೇಷನ್ ಅಕ್ಕಿಯನ್ನೇ ಮೆತ್ತಗೆ ಬೇಯಿಸಿ ಉಣ್ಣುತ್ತಾಳೆ. ಇನ್ನೊಬ್ಬರ ಮನೆಯ ತಾಟು ಬೇಡವೆಂಬ ಹಟ.

ಒಂದು ಸಂಜೆ ಕಟ್ಟೆಯ ಮೇಲೆ ಕೂತವಳು ಕೇಳಿದಳು: "ಏ ತಮ್ಮಾ, ಅಕ್ಕಿ ಬಂದ್ ಮಾಡಿ ಬರೇ ಜ್ವಾಳಾ ಕೊಡ್ತಾರಂತಲ್ಲೋ. ನಮ್ಮೂರವರೇ ಕೇಳ್ಯಾರಂತ ರೇಷನ್ ಅಂಗಡ್ಯಾಂವ ಹೇಳಾಕತ್ತಿದ್ದ. ಯಾವ ಶಾಣ್ಯಾ ಬರದಾನೋ, ಅಂವನ ಕೈಲೇ ನಾಕ ರೊಟ್ಟಿ ಬಡಸಬೇಕು."

"ನಾನೇ ಬರ್ದೀನಿ ದೊಡ್ಡವ್ವಾ" ಎಂದೆ.

ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಮಣಿಕಟ್ಟು ನೀವಿಕೊಳ್ಳುತ್ತ, "ಬಾಜೂಕೇ ಇದ್ದೆನಲ್ಲೋ. ಒಂದ್ ಮಾತ್ ಕೇಳಿದ್ರ ನಿನ್ನ ಬಿ.ಎ. ಸವೀತಿತ್ತೇನು?" ಎಂದಳು.

ಮರುದಿನ ಬಿಸಿಲಿನಲ್ಲೇ ಮನೆಮನೆ ತಿರುಗಿದೆ. ಅರ್ಧ ಊರು ಅಕ್ಕಿಯೇ ಇರಲಿ ಎಂದಿತು, ಅದರಲ್ಲೂ ರೊಟ್ಟಿ ಬಡಿಯುವ ಹೆಂಗಸರು. ಜೋಳವೇ ಬೇಕೆಂದು ಮೀಸೆ ತಿರುವಿದ ಗಂಡಸರಲ್ಲಿ ಒಬ್ಬನೂ ಒಲೆಯ ಮುಂದೆ ಕೂತವನಲ್ಲ, ನನ್ನ ಹಾಗೆಯೇ. ತಪ್ಪೊಪ್ಪಿಕೊಂಡು ಎರಡನೆಯ ಪತ್ರ ಬರೆದೆ. ಸಾಹೇಬರು ಓದಿ, "ಮೊದಲಿಂದು ದಿಲ್ಲಿಗಿ ಹೋಗ್ಯಾದ್ರಿ. ಇದೂ ಕಳಸ್ತೀನಿ. ಅದರ ಬೆನ್ನ ಹತ್ತಿ ಹಿಡೀತದೋ ಇಲ್ಲೋ ನೋಡಬೇಕು" ಎಂದರು.

ಈಗ ದಿನವೂ ಸಂಜೆ ದೊಡ್ಡವ್ವನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಲು ಕಲಿಯುತ್ತಿದ್ದೇನೆ. ಹಂಚಿಗೆ ಎತ್ತುವಷ್ಟರಲ್ಲಿ ಹರಿಯುತ್ತದೆ. "ಸರಕಾರಿ ಕೈ" ಎನ್ನುತ್ತ ಆಕೆ ತುಂಡುಗಳನ್ನೆಲ್ಲ ನನ್ನ ತಾಟಿಗೇ ಹಾಕುತ್ತಾಳೆ. ದಿಲ್ಲಿಯ ಒಪ್ಪಿಗೆ ಇನ್ನೂ ಬಂದಿಲ್ಲ. ಕಡತ ಎಲ್ಲಾದರೂ ತಡವಾಗಲಿ ಎಂದು ಇಷ್ಟು ಭಕ್ತಿಯಿಂದ ಬೇಡಿಕೊಳ್ಳುವ ಗುಮಾಸ್ತ ನಾನೊಬ್ಬನೇ ಇರಬೇಕು.