ಬ್ಯಾಂಕಿನ ಒಳಗಿನವರ ಅಭಿಪ್ರಾಯ

ಆ ಗುರುವಾರದ ರಾದ್ಧಾಂತಕ್ಕೆಲ್ಲ ಮೂಲ, ಬೆಳಗಿನ ನೀರುದೋಸೆಗೆ ಚಟ್ನಿ ಸಾಲದೆ ಹೋದದ್ದು. ಅಕ್ಷಯಾ ಇನ್ನೊಂದು ಹೋಳು ಕಾಯಿ ತುರಿದು ಮಿಕ್ಸಿ ತಿರುಗಿಸಿ ಬರುವವರೆಗೆ ಯಜ್ಞೇಶನ ಬಾಯಿ ಖಾಲಿ ಇತ್ತು. ಅವನ ಬಾಯಿ ಖಾಲಿ ಇದ್ದಾಗಲೆಲ್ಲ ಅದರಿಂದ ಒಂದು ಅಭಿಪ್ರಾಯ ಹೊರಬೀಳುತ್ತದೆ ಎಂಬುದು ದೋಹಾದ ಬಿನ್ ಮಹಮೂದ್ ಬಡಾವಣೆಯ ಆ ಮೂರಂತಸ್ತಿನ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ.

ಯಜ್ಞೇಶ ಎ.ಸಿ. ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಕೈಕೆಳಗಿದ್ದದ್ದು ಫಿಲ್ಟರು, ಕಾಯಿಲು, ಗ್ಯಾಸ್ ಸಿಲಿಂಡರು. ಮನಸ್ಸಿನಲ್ಲಿದ್ದದ್ದು ಇಡೀ ಜಗತ್ತು. ಯಾವ ಸರಕಾರ ಯಾವಾಗ ಬೀಳುತ್ತದೆ, ಯಾರ ಯುದ್ಧ ಎಷ್ಟು ದಿನ ನಡೆಯುತ್ತದೆ, ರೋಬೋಟು ಮೊದಲು ಯಾರ ಕೆಲಸಕ್ಕೆ ಕೈ ಹಾಕುತ್ತದೆ, ಎಲ್ಲವನ್ನೂ ಹದಿನಾಲ್ಕು ವರ್ಷಗಳಿಂದ ಮುಂಚಿತವಾಗಿ ಹೇಳುತ್ತ ಬಂದಿದ್ದ. ಒಂದೂ ಹಾಗೆ ಆಗಿರಲಿಲ್ಲ. ಅದರಿಂದ ಅವನ ಉತ್ಸಾಹವೇನೂ ಕುಂದಿರಲಿಲ್ಲ.

ಇವುಗಳಲ್ಲಿ ಅಕ್ಷಯಾಳಿಗೆ ನೇರ ಪೆಟ್ಟು ಕೊಟ್ಟದ್ದು ಚಿನ್ನದ ಮೇಲಿನ ಅಭಿಪ್ರಾಯ. ಮದುವೆಗೆ ತವರಿನವರು ಹಾಕಿದ ಎರಡು ಬಳೆ ಬಿಟ್ಟರೆ ಅವಳ ಕೈಗೆ ಬೇರೆ ಚಿನ್ನ ಏರಿರಲಿಲ್ಲ. ಪ್ರತಿ ರಜೆಗೂ “ಇನ್ನೆರಡು ಬಳೆ” ಎಂದು ಅವಳು, “ಸ್ವಲ್ಪ ತಡಿ, ಇಳೀತದೆ” ಎಂದು ಅವನು. ಹೀಗೆ ನಾಲ್ಕು ರಜೆ ಕಳೆದಿತ್ತು. ಚಿನ್ನ ಮಾತ್ರ ಒಮ್ಮೆ ಹತ್ತಿದ ಮೆಟ್ಟಿಲನ್ನು ಇಳಿದದ್ದೇ ಇಲ್ಲ. ಈಗ ನಾಳೆ ರಾತ್ರಿ ಮಂಗಳೂರಿಗೆ ವಿಮಾನ, ಭಾನುವಾರ ಅವಳ ತಂಗಿಯ ಹೊಸ ಮನೆಯ ಗೃಹಪ್ರವೇಶ.

“ಈ ಸಲ ಎರಡೇ ಬಳೆ ಹಾಕ್ಕೊಂಡು ನಾನು ಬರೂದಿಲ್ಲ,” ಎಂದಳು ಅಕ್ಷಯಾ ಚಟ್ನಿ ಬಡಿಸುತ್ತ. “ಅಲ್ಲಿ ಯಾರೂ ಮುಖ ನೋಡೂದಿಲ್ಲ, ಕೈ ನೋಡ್ತಾರೆ. ಇಷ್ಟು ವರ್ಷ ಗಲ್ಫಲ್ಲಿ ಎಂತ ಮಾಡಿದ್ದು ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ?”

“ಇವತ್ತು ಚಿನ್ನ ತಗೊಳ್ಳುವ ದಿನ ಅಲ್ಲ ಮಾರಾಯ್ತಿ, ಮಾರುವ ದಿನ,” ಎಂದ ಯಜ್ಞೇಶ. “ಬುದ್ಧಿ ಇದ್ದವರು ಇವತ್ತು ಮಾರ್ತಾರೆ, ನಾಳೆ ಇಳಿದ ಮೇಲೆ ತಗೊಳ್ತಾರೆ. ಕಂಪ್ರೆಸರ್ ಹೋದ ಎ.ಸಿ. ಹಾಗೆ ಅದು ಈಗ ಸುಮ್ನೆ ಸದ್ದು ಮಾಡ್ತಾ ಉಂಟು. ನಾಳೆ ಖಲಾಸ್.”

ಅಕ್ಷಯಾ ಚಟ್ನಿಯ ಪಾತ್ರೆಯನ್ನು ಮೇಜಿನ ಮೇಲೆ ಇಟ್ಟ ಸದ್ದಿನಲ್ಲೇ ಹೇಳಬೇಕಾದದ್ದನ್ನೆಲ್ಲ ಹೇಳಿ ಒಳಗೆ ಹೋದಳು.

ಕೆಳಗೆ ಸಿರಿಲ್ ಕಾರು ಚಾಲೂ ಮಾಡಿ ಕಾಯುತ್ತಿದ್ದ. ಯಜ್ಞೇಶನ ಕಂಪನಿಯ ಪಕ್ಕದ ಗೋದಾಮಿನಲ್ಲಿ ಕೆಲಸ ಮಾಡುವ ಈ ಸಿರಿಲ್, ಕರಾವಳಿಯವರ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ. ಹಾಗಾಗಿ ಸುದ್ದಿಯಿಲ್ಲದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ನೆಲಮಹಡಿಯ ಹಸನಬ್ಬ ಕೂತಿದ್ದರು. ಟಯರ್ ಅಂಗಡಿಯವರು, ಅರುವತ್ತರ ಹತ್ತಿರದವರು, ಆಳಿನಲ್ಲಿ ಯಜ್ಞೇಶನ ಎರಡರಷ್ಟು.

“ಮಗಳು ನಹ್ಲಾಳ ಮದುವೆ ಹತ್ತಿರ ಬಂತು,” ಎಂದರು ಹಸನಬ್ಬ. “ಇವತ್ತು ಹನ್ನೊಂದು ಗಂಟೆಗೆ ಸೂಕಿನ ಚಿನ್ನದ ಪೇಟೆಗೆ ಹೋಗಿ ಸರ ಒಂದು ತರುವ ಅಂತ ಇದ್ದೇನೆ.”

“ಬೇಡ ಹಸನಬ್ಬಾಕ, ಬೇಡವೇ ಬೇಡ!” ಯಜ್ಞೇಶ ಸೀಟಿನಲ್ಲೇ ಹಿಂದಕ್ಕೆ ತಿರುಗಿದ. ಇಂಡಸ್ಟ್ರಿಯಲ್ ಏರಿಯಾ ಮುಟ್ಟುವವರೆಗೂ ಡಾಲರು, ಮಾತುಕತೆಗೆ ಕೂತ ದೇಶಗಳು, ಚಿನ್ನವನ್ನು ಕೂಡಿಡುವ ಸರಕಾರಗಳು, ಕಂಪ್ಯೂಟರ್ ಚಿಪ್ಪಿಗೆ ಬೇಕಾಗುವ ಬೆಳ್ಳಿ ಎಲ್ಲವನ್ನೂ ಕಲಸಿ ಉಂಡೆ ಕಟ್ಟಿ ಕೊಟ್ಟ. ಹಸನಬ್ಬರಿಗೆ ಅರ್ಧವೂ ತಿಳಿಯಲಿಲ್ಲ. ತಿಳಿಯದ್ದರಿಂದಲೇ ಅದು ನಿಜವಿರಬೇಕು ಎನಿಸಿತು. “ಹಾಗಾದ್ರೆ ನಾಳೆ ಹೋಗ್ತೇನೆ,” ಎಂದು ಇಳಿದುಹೋದರು.

ಹತ್ತು ಗಂಟೆಗೆ ಯಜ್ಞೇಶ ಸ್ಟೋರಿನಲ್ಲಿ ಚಹಾ ಕುಡಿಯುತ್ತಿದ್ದಾಗ ಗ್ರೂಪಿನಲ್ಲಿ ಒಂದು ಮೆಸೇಜು ಬಂತು. ‘ಮುಶೈರಿಬ್‌ನ ದೊಡ್ಡ ಬ್ಯಾಂಕಿನ ಒಳಗಿನವರೊಬ್ಬರ ಅಭಿಪ್ರಾಯ: ಚಿನ್ನ ಇಂದು ಮಾರಿ, ನಾಳೆ ಕೊಳ್ಳಿ. ಪರಿಣತರು, ಹೆಸರು ಹೇಳುವಂತಿಲ್ಲ. ಎಲ್ಲರಿಗೂ ತಿಳಿಸಿ.’

ಯಜ್ಞೇಶನಿಗೆ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷದಲ್ಲಿ ಅವನ ಮಾತನ್ನು ಒಪ್ಪಿದ ಮೊದಲ ಮನುಷ್ಯ, ಅದೂ ಬ್ಯಾಂಕಿನವನು! ಕೂಡಲೇ ಸಿರಿಲ್‌ಗೆ ಫೋನು ಹಚ್ಚಿದ.

“ಯಾರು ಮಾರಾಯಾ ಆ ಪರಿಣತರು? ನನಗೊಮ್ಮೆ ಮಾತಾಡ್ಲಿಕ್ಕೆ ಸಿಗಬಹುದಾ?”

“ನೀನೇ ಅಲ್ವಾ!” ಎಂದ ಸಿರಿಲ್.

“ನಾನು ಯಾವಾಗ ಬ್ಯಾಂಕಿನ ಒಳಗಿದ್ದೆ?”

“ಹೋದ ತಿಂಗಳು ಮುಶೈರಿಬ್‌ನ ಬ್ಯಾಂಕಿಗೆ ಫಿಲ್ಟರ್ ಲೆಕ್ಕ ಮಾಡ್ಲಿಕ್ಕೆ ಹೋಗಿರ್ಲಿಲ್ವಾ? ಒಳಗೆ ಹೋಗಿದ್ದೆಯೋ ಇಲ್ವೋ?”

“ಹೋಗಿದ್ದೆ. ಸೀಲಿಂಗಿನ ಒಳಗೆ.”

“ಮತ್ತೆ? ನಾನೆಂತ ಸುಳ್ಳು ಬರ್ದಿದ್ದೇನಾ?”

ಯಜ್ಞೇಶನಿಗೆ ಬೆನ್ನಲ್ಲಿ ಸಣ್ಣಗೆ ಬೆವರಿತು. ಆದರೂ ಒಳಗೊಳಗೆ ಹೆಮ್ಮೆ. ಆ ಹೆಮ್ಮೆ ಉಳಿದದ್ದು ಹನ್ನೆರಡೂವರೆಯವರೆಗೆ. ಅಷ್ಟರಲ್ಲಿ ಎಲ್ಲೋ ದೂರದಲ್ಲಿ ಯಾರೋ ಇಬ್ಬರು ಮಂತ್ರಿಗಳು ಮಾತುಕತೆಯಿಂದ ಎದ್ದುಹೋದರಂತೆ, ಚಿನ್ನ ಚಂಗನೆ ಮೇಲಕ್ಕೆ ಹಾರಿತು. ಒಂದು ಗಂಟೆಗೆ ಇನ್ನೂ ಮೇಲೆ, ಮೂರಕ್ಕೆ ಅದಕ್ಕೂ ಮೇಲೆ.

ಹಸನಬ್ಬರಿಂದ ಏಳು ಮಿಸ್ಡ್ ಕಾಲ್ ಬಂದವು. ಎಂಟನೆಯದನ್ನು ಎತ್ತುವ ಮೊದಲು ಏನಾದರೂ ಉತ್ತರ ಬೇಕಲ್ಲ ಎಂದು ಯಜ್ಞೇಶ ಫೋನಿನ ಎ.ಐ.ಯನ್ನೇ ಕೇಳಿದ: ಚಿನ್ನ ಇಳಿಯುತ್ತದೆಯೇ? ಅದು ಬಹಳ ವಿನಯದಿಂದ, ಇದನ್ನು ಖಚಿತವಾಗಿ ಹೇಳಲಾಗದು, ದಯವಿಟ್ಟು ಪರಿಣತರನ್ನು ಸಂಪರ್ಕಿಸಿ ಎಂದಿತು. ಪರಿಣತ ಯಾರೆಂದು ಯಜ್ಞೇಶನಿಗೆ ಗೊತ್ತಿತ್ತು. ಅದೇ ಭಯ.

ಸಂಜೆ ಹಸನಬ್ಬ ಯಜ್ಞೇಶನ ಕಂಪನಿಯ ಗೇಟಿನಲ್ಲೇ ನಿಂತಿದ್ದರು. “ಯಲ್ಲಾ, ಟ್ಯಾಕ್ಸಿ ಹತ್ತು!” ಎಂದು ಅವನ ರಟ್ಟೆ ಹಿಡಿದರು. “ನಿನ್ನ ಮಾತು ಕೇಳಿ ಬೆಳಿಗ್ಗೆ ಬಿಟ್ಟೆ. ಈಗ ನೀನೇ ಅಂಗಡಿಗೆ ಬಂದು ಬಾಯಿಬಿಟ್ಟು ಹೇಳ್ಬೇಕು, ತಗೊಳ್ಳೂದಾ, ಬಿಡೂದಾ ಅಂತ.”

ಚಿನ್ನದ ಸೂಕಿನಲ್ಲಿ ಕರಾವಳಿಯವರೆಲ್ಲ ಹೋಗುವುದು ಮಂಜೇಶ್ವರದ ಮೊಹಮ್ಮದನ ಅಂಗಡಿಗೆ. ಅವನಿಗೆ ತುಳು, ಬ್ಯಾರಿ, ಕನ್ನಡ ಎಲ್ಲ ಬರುತ್ತಿದ್ದವು, ದರ ಇಳಿಸುವುದೊಂದು ಬಿಟ್ಟು. ಗೋಡೆಯ ಬೋರ್ಡಿನಲ್ಲಿ ಕೆಂಪು ಅಂಕೆಗಳು ಅವರ ಕಣ್ಣೆದುರೇ ಮತ್ತೊಂದು ಸಲ ಏರಿದವು.

“ಎಂತ ದಿನ ಮಾರಾಯ್ರೆ!” ಎಂದ ಮೊಹಮ್ಮದ್. “ಬೆಳಿಗ್ಗೆ ಮಾರುವವರದ್ದು ಲೈನು, ಈಗ ತಗೊಳ್ಳುವವರದ್ದು. ಯಾರೋ ಒಬ್ಬ ಎಂತದೋ ಮೆಸೇಜ್ ಬಿಟ್ಟಿದ್ದಾನಂತೆ.”

ಹಸನಬ್ಬ ಯಜ್ಞೇಶನನ್ನು ನೋಡಿದರು. ಯಜ್ಞೇಶ ಎ.ಸಿ.ಯನ್ನು ನೋಡಿದ.

“ಹೇಳು ಈಗ,” ಎಂದರು ಹಸನಬ್ಬ.

ಯಜ್ಞೇಶ ಬೋರ್ಡನ್ನು ನೋಡಿದ, ನಾಳಿನ ವಿಮಾನವನ್ನು ನೆನೆದ, ಅಕ್ಷಯಾ ಪಾತ್ರೆ ಇಟ್ಟ ಸದ್ದು ಕಿವಿಯಲ್ಲಿ ಮತ್ತೆ ಕೇಳಿತು. “ಇನ್ನು ಇದು ಇಳಿಯೂದಿಲ್ಲ ಹಸನಬ್ಬಾಕ,” ಎಂದ. “ಇಳಿಯುವ ಕಾಲ ಮಾಫಿ, ಇನ್ನಿಲ್ಲ. ತಗೊಳ್ಳಿ. ನಾನೂ ತಗೊಳ್ತೇನೆ.”

ಹಸನಬ್ಬ ನಿಟ್ಟುಸಿರು ಬಿಟ್ಟು ನಹ್ಲಾಳ ಸರ ತೂಗಿಸಿದರು. ಯಜ್ಞೇಶನ ಕೈಯಲ್ಲಿದ್ದದ್ದು ಹೊಸ ಬಳೆಗೆ ಸಾಲುತ್ತಿರಲಿಲ್ಲ. ಅದನ್ನು ಮುಖದಲ್ಲೇ ಓದಿದ ಮೊಹಮ್ಮದ್ ಕೆಳಗಿನ ಡ್ರಾಯರಿನಿಂದ ಒಂದು ಜೊತೆ ತೆಗೆದ. “ಇದು ನೋಡಿ. ಹಳೇದು, ಪಾಲಿಶ್ ಮಾಡಿ ಇಟ್ಟದ್ದು. ಮಜೂರಿ ಇಲ್ಲ.”

ಮಲ್ಲಿಗೆ ಮೊಗ್ಗಿನ ಸಾಲು ಕೆತ್ತಿದ ಬಳೆ. ಯಜ್ಞೇಶ ಹಿಗ್ಗಿಹೋದ. ಅಕ್ಷಯಾಳ ಬಳೆಯದ್ದೂ ಇದೇ ನಮೂನೆ! ಇವೆರಡು, ಅವೆರಡು, ಸೇರಿದರೆ ನಾಲ್ಕರ ಸೆಟ್ಟು. ಗೃಹಪ್ರವೇಶದಲ್ಲಿ ನೋಡುವವರ ಕಣ್ಣು ಕೋರೈಸಬೇಕು.

“ಇಂಥದ್ದನ್ನು ಇವತ್ತೇ ಮಾರಿದ್ದಾರಲ್ಲ,” ಎಂದ, ಹಣ ಕೊಡುತ್ತ. “ಯಾರೋ ತಲೆ ಇಲ್ಲದವರು.”

ಎಂಟು ಗಂಟೆಗೆ ಅವನು ಮನೆಯ ಬೆಲ್ ಒತ್ತಿದಾಗ ಅಕ್ಷಯಾ ಸೆರಗಿನಿಂದ ಕೈ ಮುಚ್ಚಿಕೊಂಡೇ ಬಾಗಿಲು ತೆಗೆದಳು. ಯಜ್ಞೇಶ ಅದನ್ನು ಗಮನಿಸಲಿಲ್ಲ. ಕೆಂಪು ಡಬ್ಬಿ ಅವಳ ಮುಂದೆ ಹಿಡಿದ. “ತಗೋ! ನಾಲ್ಕು ರಜೆಯದ್ದು ಒಟ್ಟಿಗೆ. ನಿನ್ನ ಬಳೆಗೆ ಜೋಡಿ. ಹಾಕ್ಕೊಂಡು ತೋರ್ಸು, ನಾಲ್ಕನ್ನೂ.”

ಅವಳು ಡಬ್ಬಿ ತೆರೆದಳು. ಒಂದು ಬಳೆಯನ್ನು ದೀಪಕ್ಕೆ ಹಿಡಿದು ನಿಧಾನ ತಿರುಗಿಸಿದಳು. ಒಂದು ಕಡೆ ಬೆರಳು ನಿಲ್ಲಿಸಿದಳು.

“ಇಲ್ಲಿ ನಗ್ಗಿದೆ,” ಎಂದಳು.

“ಹಳೇದಲ್ವಾ, ಸ್ವಲ್ಪ…”

“ಹೆರೆಮಣೆಗೆ ತಾಗಿ ನಗ್ಗಿದ್ದು. ಮೊನ್ನೆ ಬಿಸು ಹಬ್ಬಕ್ಕೆ ಕಾಯಿ ಹೆರೆಯುವಾಗ. ಇದು ನನ್ನದೇ ಬಳೆ.”

ಸೆರಗು ಜಾರಿತು. ಅವಳ ಎರಡೂ ಕೈ ಬೋಳಾಗಿದ್ದವು. ಹದಿನಾಲ್ಕು ವರ್ಷ ದಿನಕ್ಕೆ ಮೂರು ಹೊತ್ತು ಬಡಿಸಿದ ಕೈಯ ಬಳೆಯನ್ನು ಯಜ್ಞೇಶ ಗುರುತು ಹಿಡಿದಿರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು ಅವನಿಗೆ.

“ನೀನು… ಮಾರಿದೆಯಾ? ನಾನು ಬೆಳಿಗ್ಗೆ ಹೇಳಿದ್ದಕ್ಕಾ?”

“ನೀವು ಹೇಳಿದ್ದಕ್ಕಾ!” ಅಕ್ಷಯಾ ಮೂಗು ಮುರಿದಳು. “ನೀವು ಹೇಳಿದ್ದು ಯಾವಾಗ ಆದದ್ದುಂಟು? ಗ್ರೂಪಲ್ಲಿ ಬಂತಲ್ಲ, ಬ್ಯಾಂಕಿನ ಒಳಗಿನವರು ಹೇಳಿದ್ದು ಅಂತ. ದೊಡ್ಡ ಪರಿಣತರಂತೆ. ಕೆಳಗಿನ ಮನೆಯ ಆಯಿಷಮ್ಮನವರೂ ಹೋಗುವ ಅಂದ್ರು. ಇವತ್ತು ಮಾರಿದ್ರೆ ನಾಳೆ ಅದೇ ಹಣಕ್ಕೆ ಸ್ವಲ್ಪ ದಪ್ಪದ್ದು ಸಿಗ್ತದಲ್ಲ ಅಂತ ಮಾರಿದೆ. ಹಣ ಅಲ್ಲಿ ಅಕ್ಕಿ ಡಬ್ಬದಲ್ಲುಂಟು.”

ಯಜ್ಞೇಶ ಕುರ್ಚಿಯಲ್ಲಿ ಕುಸಿದ. ಬೆಳಿಗ್ಗೆ ಕಡಿಮೆಗೆ ಮಾರಿದ ತನ್ನದೇ ಬಳೆಯನ್ನು ಸಂಜೆ ಜಾಸ್ತಿಗೆ ಕೊಂಡುತಂದ ಗಂಡಸು ಇಡೀ ದೋಹಾದಲ್ಲಿ ತಾನೊಬ್ಬನೇ ಇರಬೇಕು. ಆ ಪರಿಣತನ ಹೆಸರು ಇವಳಿಗೆ ಎಂದೂ ತಿಳಿಯದಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ.

ಅಷ್ಟರಲ್ಲಿ ಅವಳ ಫೋನು ಟಿಂಗ್ ಎಂದಿತು. ಓದುತ್ತ ಓದುತ್ತ ಅಕ್ಷಯಾಳ ಮುಖ ಅರಳಿತು.

“ನೋಡಿ! ಎದ್ದುಹೋದ ಮಂತ್ರಿಗಳು ಪುನಃ ಕೂತ್ರಂತೆ. ಚಿನ್ನ ಧಡ್ಡಂತ ಇಳೀತು, ಬೆಳಿಗ್ಗೆಯದ್ದಕ್ಕಿಂತಲೂ ಕೆಳಗೆ! ನಾಳೆ ಅಂದದ್ದು ಇವತ್ತೇ ಆಯ್ತು. ನಾಳೆ ಶುಕ್ರವಾರ, ಸಂಜೆ ಅಂಗಡಿ ತೆರೆದ ಕೂಡಲೇ ನಾನೇ ಹೋಗಿ ಎರಡು ತರ್ತೇನೆ, ನೀವು ಬರೂದು ಬೇಡ.” ಅವಳು ಹಳೆಯ ಬಳೆಗಳನ್ನು ಕೈಗೆ ಏರಿಸಿಕೊಂಡಳು. “ಪರಿಣತರು ಅಂದ್ರೆ ಹಾಗಿರ್ಬೇಕು. ಸಿಕ್ಕಿದ್ರೆ ಒಂದು ಡಬ್ಬ ಲಾಡು ಕೊಡ್ಬೇಕು ಅವರಿಗೆ.”

ಯಜ್ಞೇಶ ಎದ್ದು ನಿಂತ. ಹದಿನಾಲ್ಕು ವರ್ಷದಲ್ಲಿ ಅವನ ಒಂದು ಮಾತು, ಒಂದೇ ಒಂದು ಮಾತು ನಿಜವಾಗಿತ್ತು, ಮತ್ತು ಅದನ್ನು ಅವನೊಬ್ಬನೇ ನಂಬಿರಲಿಲ್ಲ.

“ಅಕ್ಷಯಾ,” ಎಂದ ಗಂಟಲು ಸರಿಮಾಡಿಕೊಂಡು. “ಆ ಪರಿಣತ ನಾನೇ.”

ಅಕ್ಷಯಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಬಳೆಗಳು ಗಲಗಲ ಎಂದವು. “ಹೌದೌದು! ಯಾರಾದ್ರೂ ಸಾಕ್ಷಿ ಉಂಟಾ?”

ಇದ್ದರು. ಮೆಸೇಜು ತನ್ನದೆಂದು ಸಿರಿಲ್ ಬಾಯಿಬಿಡುವವನಲ್ಲ, ಆದರೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬೆಳಿಗ್ಗೆ ಪ್ರತಿಯೊಂದು ಮಾತನ್ನೂ ಕೇಳಿದ್ದ ಇನ್ನೊಬ್ಬರು ಇದ್ದರು. ಯಜ್ಞೇಶ ಅವರ ಹೆಸರು ಹೇಳಲು ಬಾಯಿ ತೆರೆದ. ಆಗಲೇ ಕೆಳಗಿನಿಂದ ದಡದಡ ಮೆಟ್ಟಿಲು ಹತ್ತಿ ಬರುವ ಭಾರದ ಹೆಜ್ಜೆ ಕೇಳಿಸಿತು, ಹಿಂದೆಯೇ ಹಸನಬ್ಬರ ದನಿ: “ಯಜ್ಞೇಶಾ! ಎಲ್ಲಿದ್ದಾನೆ ಅವನು, ಇಳಿಯುವ ಕಾಲ ಮಾಫಿ ಅಂದವನು?”

ಯಜ್ಞೇಶ ಬಚ್ಚಲುಮನೆಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡ.

“ನಾನಿಲ್ಲ ಅಂತ ಹೇಳು ಮಾರಾಯ್ತಿ,” ಎಂದ ಬಾಗಿಲ ಸಂದಿಯಿಂದ. “ಬ್ಯಾಂಕಿಗೆ ಹೋಗಿದ್ದಾರೆ ಅನ್ನು.”