ಕಾಲರೇಖೆಯ ಒಂಬತ್ತನೇ ಅಡಿ

ಇತಿಹಾಸದ ಮೇಷ್ಟ್ರಿಗೆ ಈ ಲೋಕದಲ್ಲಿ ಬೆಲೆಯಿಲ್ಲ. ಗಣಿತದ ಮೇಷ್ಟ್ರು ಬೀದಿಯಲ್ಲಿ ಬಂದರೆ ಮಕ್ಕಳು ಓಣಿ ಸೇರಿಕೊಳ್ಳುತ್ತಾರೆ. ಇಂಗ್ಲಿಷ್ ಮೇಷ್ಟ್ರು ಬಂದರೆ ಮಕ್ಕಳ ಅಪ್ಪಂದಿರೇ ಓಣಿ ಸೇರಿಕೊಳ್ಳುತ್ತಾರೆ. ನಾನು ಬಂದರೆ ಆಕಳಿಸುತ್ತಾರೆ. ಹೊಸನಗರದ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಈ ಇಂದ್ರಕುಮಾರ ಬಿಸಿಯೂಟ ಮುಗಿದ ಮೇಲಿನ ಪಿರಿಯಡ್ಡಿನಲ್ಲಿ ಸಾಮ್ರಾಜ್ಯಗಳನ್ನು ಏಳಿಸುತ್ತಿದ್ದಾನೆ. ಸಾಮ್ರಾಜ್ಯ ಎದ್ದು ನಿಲ್ಲುವಷ್ಟರಲ್ಲಿ ಒಂಬತ್ತನೇ ತರಗತಿ ಮಲಗಿರುತ್ತದೆ.

ಹಾಗಾಗಿ ಆಗಸ್ಟ್ ಆರನೇ ತಾರೀಖು ಸಾಗರದ ತರಬೇತಿ ಮುಗಿಸಿಕೊಂಡು ಮನೆಗೆ ಬಂದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒದ್ದೆ ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ ಬಾಗಿಲಲ್ಲೇ ಘೋಷಿಸಿದೆ.

"ವಿಜಯಾ, ಇನ್ಮೇಲೆ ನನ್ನ ಕ್ಲಾಸಲ್ಲಿ ಒಬ್ರೂ ನಿದ್ದೆ ಮಾಡಲ್ಲ. ಸಚಿತ್ರ ಕಾಲರೇಖೆ!"

"ಎಂತದು?"

"ಕಾಲರೇಖೆ. ಉದ್ದಕ್ಕೆ ಒಂದು ಗೆರೆ. ಅದರ ಮೇಲೆ ಇಸವಿ, ತಾರೀಖು. ಪ್ರತಿ ತಾರೀಖಿಗೂ ಒಂದೊಂದು ಚಿತ್ರ. ಮಕ್ಕಳೇ ಊರೆಲ್ಲ ಸುತ್ತಿ, ಕೇಳಿ, ಬರೆದು, ಬಣ್ಣ ಹಚ್ತಾರೆ."

"ಮಕ್ಕಳೇ ಎಲ್ಲ ಮಾಡಿದ್ರೆ ನೀವು ಎಂತ ಮಾಡ್ತೀರಿ?"

(ನನ್ನ ಹೆಂಡತಿ ವಿಜಯಲಕ್ಷ್ಮೀ ಮೊದಲು ಹೀಗೆ ಚುಚ್ಚಿ ಮಾತಾಡುವವಳಲ್ಲ. ಆಗ ಅವಳು ಕಾಫಿ ಬಿಟ್ಟು ಮೂರು ವಾರ ಕಳೆದಿತ್ತು.)

ಕಾಫಿ ಯಾಕೆ ಬಿಟ್ಟಳು ಅನ್ನುವುದನ್ನು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾವು ಜೈನರು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಗೆಡ್ಡೆ ಗೆಣಸು ಅಡುಗೆಮನೆಗೆ ಬರುವುದಿಲ್ಲ. ಊಟದ ಹೊತ್ತಿನ ವಿಷಯದಲ್ಲಿ ನಾನು ಅಪ್ಪಟ ಶ್ರಾವಕ. ಗೆಡ್ಡೆಯ ವಿಷಯದಲ್ಲಿ ಮಾತ್ರ ಬಸ್ ಸ್ಟ್ಯಾಂಡಿನ ಪಕ್ಕದ ರವೀಶಣ್ಣನ ಹೋಟೆಲು ಅಡ್ಡ ಬರುತ್ತದೆ. ಅಲ್ಲಿ ಸಂಜೆ ನಾಲ್ಕೂವರೆಗೆ ಬಾಣಲೆಯಿಂದ ಆಲೂಗಡ್ಡೆ ಬೋಂಡ ಮೇಲೇಳುತ್ತದೆ. ಶಾಲೆ ಬಿಡುವುದೂ ಸರಿಸುಮಾರು ಆಗಲೇ. ಇದರಲ್ಲಿ ನನ್ನ ತಪ್ಪೇನೂ ಇಲ್ಲ, ವೇಳಾಪಟ್ಟಿಯದು.

ಈ ಸಲ ಆಷಾಢದಲ್ಲಿ ತೀರ್ಥಹಳ್ಳಿಯ ಮಾವನ ಮನೆಯಲ್ಲಿ ಎಲ್ಲರೂ ಒಂದೊಂದು ನಿಯಮ ತೆಗೆದುಕೊಳ್ಳುತ್ತಿದ್ದಾಗ ವಿಜಯಳ ತಮ್ಮ ಜಿನೇಶ, "ಭಾವನ್ನ ಬಿಟ್ಬಿಡಿ, ಅವ್ರಿಂದ ಆಗೋ ಕೆಲಸ ಅಲ್ಲ" ಅಂದುಬಿಟ್ಟ. ನನಗೆ ರೇಗಿತು. ಭಾದ್ರಪದದ ದಶಲಕ್ಷಣ ಪರ್ವ ಮುಗಿಯುವ ತನಕ ಹೊರಗೂ ಆಲೂಗಡ್ಡೆ ಮುಟ್ಟುವುದಿಲ್ಲ ಎಂದು ಹತ್ತು ಜನರ ಎದುರು ಕೈಮುಗಿದು ಹೇಳಿದೆ. ವಿಜಯಳ ಕಣ್ಣು ತುಂಬಿ ಬಂತು. "ನೀವೇ ಅಷ್ಟು ಬಿಟ್ಟ ಮೇಲೆ ನಾನೂ ಕಾಫಿ ಬಿಡ್ತೀನಿ ರೀ" ಅಂದಳು. ದಿನಕ್ಕೆ ಐದು ಲೋಟ ಕಾಫಿ ಕುಡಿಯುವವಳು, ಬೆಳಗಿನ ಮೊದಲ ಲೋಟ ಇಳಿಯುವ ತನಕ ನನ್ನ ಗುರುತೇ ಹಿಡಿಯದವಳು ಆ ಮಾತು ಹೇಳಿದಳು.

ಪರ್ವ ಮುಗಿದ ಮೇಲಿನ ಭಾನುವಾರ ನಿಯಮ ಪಾಲಿಸಿದವರನ್ನು ಸಾಲಾಗಿ ಕೂರಿಸಿ ಶಾಲು ಹೊದಿಸುವುದು ಮಾವನ ಮನೆಯ ವಾಡಿಕೆ. ಆ ಶಾಲನ್ನು ಜಿನೇಶನ ಕೈಯಿಂದಲೇ ಹೊದಿಸಿಕೊಳ್ಳಬೇಕು ಎಂಬ ಹಟ ನನಗೆ. ಪ್ರತಿ ಭಾನುವಾರ ನಾನಾಗಿಯೇ ಫೋನ್ ಮಾಡಿ, "ಜಿನೇಶಾ, ಇವತ್ತಿಗೆ ಹದಿನೈದನೇ ದಿನ", "ಇವತ್ತಿಗೆ ಇಪ್ಪತ್ತೆರಡನೇ ದಿನ" ಎಂದು ವರದಿ ಒಪ್ಪಿಸುತ್ತಿದ್ದೆ.

ಇಪ್ಪತ್ತೆರಡರ ತನಕ ಅದು ನಿಜವೂ ಆಗಿತ್ತು.

ಆಗಸ್ಟ್ ಆರರಂದು ಸಾಗರದಿಂದ ಬಂದ ಬಸ್ಸು ನನ್ನನ್ನು ಹೊಸನಗರದಲ್ಲಿ ಇಳಿಸಿದಾಗ ನನ್ನ ಹಳೇ ಕೊಡೆಗೂ ಬಗ್ಗದ ಜೋರು ಮಳೆ. ತರಬೇತಿಯಲ್ಲಿ ಕೊಟ್ಟಿದ್ದು ತಣ್ಣಗಿನ ಉಪ್ಪಿಟ್ಟು. ಮಳೆ ಬಿಡುವ ತನಕ ನಿಲ್ಲೋಣ ಅಂತ ಕಂಡ ಸೂರಿನಡಿ ನಿಂತೆ. ಸೂರು ರವೀಶಣ್ಣನದಾಗಿತ್ತು. ಹೆಚ್ಚು ಹೇಳುವುದಿಲ್ಲ. ಮಳೆ ಬಹಳ ಹೊತ್ತು ಬಂತು.

ಆ ಮೇಲಿನ ಭಾನುವಾರಗಳಲ್ಲೂ ನಾನು ಫೋನ್ ಮಾಡಿದೆ. ನಿಲ್ಲಿಸಿದರೆ ಅನುಮಾನ ಬರುವುದಿಲ್ಲವೇ? "ಇವತ್ತಿಗೆ ನಲವತ್ತಮೂರನೇ ದಿನ ಕಣೋ" ಅನ್ನುವಾಗ ದನಿ ತಗ್ಗಿಸುತ್ತಿದ್ದೆ. ಎದುರಿಗೆ ವಿಜಯಾ ಕಾಫಿಯಿಲ್ಲದೆ ತಲೆಗೆ ಬಟ್ಟೆ ಬಿಗಿದುಕೊಂಡು ಅಕ್ಕಿ ಆರಿಸುತ್ತಿದ್ದಳು. ಹೇಳಿಬಿಡಲೇ ಅಂತ ದಿನಕ್ಕೆ ಮೂರು ಸಲ ಅಡುಗೆಮನೆ ಬಾಗಿಲಿಗೆ ಹೋಗುವುದು, "ನೀರು ಬೇಕಿತ್ತು" ಅಂತ ವಾಪಸು ಬರುವುದು. ಆ ತಿಂಗಳು ನಾನು ಕುಡಿದಷ್ಟು ನೀರನ್ನು ಜನ್ಮದಲ್ಲಿ ಕುಡಿದಿರಲಿಲ್ಲ.

ಈ ಕಳವಳ ಮರೆಯಲು ಕಾಲರೇಖೆಗೆ ಅಂಟಿಕೊಂಡೆ. ಒಂಬತ್ತನೇ ತರಗತಿಗೆ ಅಪ್ಪಣೆ ಹೊರಡಿಸಿದೆ: ಪ್ರತಿಯೊಬ್ಬರೂ ಊರಿನ ಒಂದು ಜಾಗವನ್ನೋ ಒಂದು ಮನೆಯನ್ನೋ ಆರಿಸಿಕೊಳ್ಳಬೇಕು, ಅದರ ಚರಿತ್ರೆಯನ್ನು ಚಿತ್ರಸಹಿತ ಬರೆಯಬೇಕು, ಅಡಿಗೊಂದು ಘಟನೆಯಾದರೂ ಇರಬೇಕು. ತಾರೀಖು ಖಚಿತವಾಗಿರಬೇಕು, ಆಧಾರ ಕೊಡಬೇಕು. ಕೊನೆಯಲ್ಲಿ ಎದೆಯುಬ್ಬಿಸಿ ಒಂದು ಮಾತು ಸೇರಿಸಿದೆ, "ರಾಜನಿಗೆ ಬೇಜಾರಾಗುತ್ತೆ ಅಂತ ಬರೆದದ್ದನ್ನ ಅಳಿಸುವವನು ಇತಿಹಾಸಕಾರನಲ್ಲ!"

ಯಾರಾದರೂ ಆಗ ನನ್ನ ಬಾಯಿಗೆ ಒಂದು ಬೋಂಡ ತುರುಕಬೇಕಿತ್ತು.

ಮಕ್ಕಳು ನಿದ್ದೆಯಿಂದ ಎದ್ದರು ನೋಡಿ, ಇಡೀ ಹೊಸನಗರಕ್ಕೆ ನಿದ್ದೆಯಿಲ್ಲದ ಹಾಗೆ ಮಾಡಿದರು. ಕಂಡಕಂಡವರನ್ನು ನಿಲ್ಲಿಸಿ ಹುಟ್ಟಿದ ಇಸವಿ ಕೇಳಿದರು. ಶ್ರಾವ್ಯಾ ತನ್ನ ಅಜ್ಜಿ ಕೆರಿಯಮ್ಮನ ಹತ್ತಿರ ಮೂರು ದಿನ ಕೂತು ಸೋತು ಬಂದಳು. "ಸಾರ್, ಅಜ್ಜಿಗೆ ಇರೋದೇ ಎರಡು ಕಾಲ. ಮುಳುಗಡೆಗೆ ಮುಂಚೆ, ಮುಳುಗಡೆ ಆದ ಮೇಲೆ. ಮದುವೆ ಯಾವಾಗ ಅಂದ್ರೆ ಮುಳುಗಡೆಗೆ ಮುಂಚೆ, ಅಪ್ಪ ಹುಟ್ಟಿದ್ದು ಯಾವಾಗ ಅಂದ್ರೆ ಮುಳುಗಡೆ ಆದ ಮೇಲೆ." ಶರಾವತಿಯ ಹಿನ್ನೀರಿನಡಿ ಮನೆ ಬಿಟ್ಟು ಬಂದವರಿಗೆ ಬೇರೆ ಇಸವಿ ಯಾಕೆ ಬೇಕು ಅನ್ನಿಸಿ, ಹಾಗೇ ಬರಿ ಅಂದೆ. ಉದ್ದದ ನೀಲಿ ಬಣ್ಣ ಬಳಿದು ಆಚೆಗೆ ಒಂದು ಮನೆ, ಈಚೆಗೆ ಒಂದು ಮನೆ ಬರೆದಳು.

ತಯಾರಾದ ಚಾರ್ಟುಗಳೆಲ್ಲ ಅಂಟು ಒಣಗಲು ನಮ್ಮ ಮನೆಗೆ ಬಂದವು. ಶಾಲೆಯ ಚಾವಣಿ ಸೋರುತ್ತದೆ, ನಮ್ಮದು ಸೋರುವುದಿಲ್ಲ, ಅದೊಂದೇ ಅಪರಾಧ. ನಡುಮನೆ, ಜಗಲಿ, ಮಂಚ ಎಲ್ಲ ಕಡೆ ಕಾಲ ಚಾಚಿಕೊಂಡು ಮಲಗಿತ್ತು.

"ರೀ, ಹೊತ್ತು ಮುಳುಗಕ್ಕೆ ಇನ್ನು ಹತ್ತು ನಿಮಿಷ ಇದೆ. ತಟ್ಟೆ ಎಲ್ಲಿ ಇಡ್ಲಿ?"

"ಅಲ್ಲಿ ಬೇಡ, ಅದು ತಾಲ್ಲೂಕು ಕಚೇರಿ. ಇಲ್ಲೂ ಬೇಡ, ಸಂತೆ ಮಾಳ ಇನ್ನೂ ಹಸಿ ಇದೆ."

"ಹಾಗಾದ್ರೆ ನಿಂತ್ಕೊಂಡು ಉಣ್ಣಿ. ನಿಮ್ಮ ರಾಜರು ಕುದುರೆ ಮೇಲೆ ಉಣ್ತಿದ್ರಂತಲ್ಲ."

ಹಾಗೆ ನಿಂತು ಉಣ್ಣುತ್ತಾ, ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಹೊಸದಾಗಿ ಬಂದ ಸುರುಳಿ ಬಿಡಿಸಿದೆ. ಹನ್ನೆರಡು ಅಡಿ ಉದ್ದದ ಚಾರ್ಟು. ಮಾಡಿದವಳು ಕವನಾ, ತರಗತಿಯಲ್ಲಿ ಮೊದಲಿಗಳು. ವಿಷಯ, ಅವಳಪ್ಪ ರವೀಶಣ್ಣನ ಹೋಟೆಲು. ಮೊದಲ ಅಡಿಯಲ್ಲಿ ತಗಡಿನ ಗೂಡಂಗಡಿ, ಮೂರನೆಯದರಲ್ಲಿ ಮೊದಲ ಗ್ಯಾಸ್ ಒಲೆ, ಆರನೆಯದರಲ್ಲಿ ಮರ ಬಿದ್ದು ಹೆಂಚು ಪುಡಿಯಾದದ್ದು. ಏನು ಬಣ್ಣ, ಏನು ಕೈ! ನನ್ನ ಹದಿನೆಂಟು ವರ್ಷ ಸಾರ್ಥಕವಾಯಿತು ಅಂದುಕೊಳ್ಳುತ್ತಾ ಒಂಬತ್ತನೇ ಅಡಿಗೆ ಬಂದೆ.

ಅಲ್ಲಿ ನಾನಿದ್ದೆ.

ಕನ್ನಡಕ, ಮೀಸೆ, ನೆತ್ತಿಯ ಮೇಲೆ ಉಳಿದಿರುವ ಎಂಟು ಕೂದಲು, ಉಬ್ಬಿದ ಎಡಗೆನ್ನೆ. ಕೆಳಗೆ ಮುತ್ತಿನಂಥ ಅಕ್ಷರ: 'ಆಗಸ್ಟ್ 6, ಸಂಜೆ 4.40. ನಮ್ಮ ಹೋಟೆಲಿನ ದಾಖಲೆ. ಶ್ರೀ ಇಂದ್ರಕುಮಾರ್ ಸಾರ್ ಅವರು ಒಂದೇ ಸಲ ಕೂತು ಏಳು ಆಲೂಗಡ್ಡೆ ಬೋಂಡ ತಿಂದದ್ದು. ಆಧಾರ: ಅಪ್ಪ, ಮತ್ತು ನಾನೇ ಕಣ್ಣಾರೆ ಕಂಡದ್ದು.'

ಸುರುಳಿಯನ್ನು ಸುತ್ತಿ ಬೀರುವಿನ ಮೇಲೆ ಎಸೆದು, "ಸಾಕು, ಹೊತ್ತು ಮುಳುಗಿತು" ಅಂದೆ.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಕವನಾಳನ್ನು ಹಿಡಿದೆ.

"ಅಲ್ಲಮ್ಮ, ಚಾರ್ಟು ಅದ್ಭುತ. ಆದ್ರೆ ಒಂಬತ್ತನೇ ಘಟನೆ ಅಷ್ಟು ಮುಖ್ಯ ಅಂತ ನಿಂಗೆ ಅನ್ಸುತ್ತಾ?"

"ಹೌದು ಸಾರ್. ಅದರ ಹಿಂದಿನ ದಾಖಲೆ ಐದು. ಲಾರಿ ಡ್ರೈವರ್ ಒಬ್ರದ್ದು."

"ಇತಿಹಾಸಕಾರ ಕೆಲವನ್ನ ಬಿಡ್ಬೇಕಾಗುತ್ತೆ..."

"ರಾಜನಿಗೆ ಬೇಜಾರಾಗುತ್ತೆ ಅಂತ ಬಿಡಬಾರದು ಅಂದಿದ್ರಲ್ಲ ಸಾರ್?"

ಅವಳ ಕಣ್ಣಲ್ಲಿ ಕೀಟಲೆ ಇರಲಿಲ್ಲ, ನಂಬಿಕೆ ಇತ್ತು. ಹದಿನೆಂಟು ವರ್ಷದಲ್ಲಿ ನನ್ನ ಒಂದು ವಾಕ್ಯವನ್ನು ನೆನಪಿಟ್ಟುಕೊಂಡ ಮೊದಲ ವಿದ್ಯಾರ್ಥಿನಿ. ಅಳಿಸು ಅನ್ನಲು ನಾಲಿಗೆ ಏಳಲಿಲ್ಲ. ಹೆಸರಾದರೂ ತೆಗೆಯಮ್ಮ, ಗಿರಾಕಿಯ ಗುಟ್ಟು ಕಾಪಾಡಬೇಕು ಅಂದೆ. ಅವಳು ದೊಡ್ಡ ಮನಸ್ಸು ಮಾಡಿ ಹೆಸರು ತೆಗೆದಳು, ಮುಖ ಕಾಣದ ಹಾಗೆ ಅಡ್ಡ ಒಂದು ಬಿಚ್ಚಿದ ಕೊಡೆಯನ್ನೂ ಬರೆದಳು. ನಾನು ಸುಧಾರಿಸಿಕೊಂಡೆ. ಸಾಲದ್ದಕ್ಕೆ ಪ್ರದರ್ಶನದ ದಿನ ಒಂಬತ್ತನೇ ಅಡಿ ಸರಿಯಾಗಿ ಪ್ರಯೋಗಾಲಯದ ಕಪಾಟಿನ ಹಿಂದೆ ಹೋಗುವ ಹಾಗೆ ಮೊಳೆ ಹೊಡೆದೆ.

ಪ್ರದರ್ಶನ ಶನಿವಾರ. ಪರ್ವ ಮುಗಿದಿತ್ತು, ಮಾರನೇ ದಿನವೇ ತೀರ್ಥಹಳ್ಳಿಯಲ್ಲಿ ಶಾಲು. ಒಂದು ದಿನ ಕಳೆದರೆ ಗೆದ್ದೆ ಅಂತ ಲೆಕ್ಕ ಹಾಕುತ್ತಾ ಬಾಗಿಲಿಂದ ಕಪಾಟಿಗೆ, ಕಪಾಟಿನಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಒಳ್ಳೆಯ ಚಾರ್ಟಿಗೆ ಮತ ಹಾಕಲು ತಾಯಂದಿರೆಲ್ಲ ಬಂದರು. ವಿಜಯಾ ಬಂದಳು. ಮುಖ್ಯೋಪಾಧ್ಯಾಯಿನಿ ಸುಚಿತ್ರಾ ಮೇಡಂ ಅವಳಿಗೆ ಕಾಫಿ ಲೋಟ ಹಿಡಿದರು. "ಬೇಡ ಮೇಡಂ, ನಂಗೆ ನಿಯಮ ಇದೆ. ಶಾಲು ಹೊದ್ದ ಮೇಲೇ ಕುಡಿಯೋದು" ಅಂದಳು. ಆ ಹಬೆಯ ಕಡೆ ಅವಳು ನೋಡಿದ ನೋಟ ಕಂಡು ನಾನು ಚಾರ್ಟಿನ ಮೊಳೆ ಸರಿಮಾಡುವವನಂತೆ ಬೆನ್ನು ತಿರುಗಿಸಿದೆ.

ಅಷ್ಟರಲ್ಲಿ ಸುಚಿತ್ರಾ ಮೇಡಂ ಅಂದರು, "ಇದೇನ್ ಸಾರ್, ಇಷ್ಟು ಚೆಂದದ ಚಾರ್ಟಿಗೆ ಕಪಾಟು ಅಡ್ಡ! ಯಾರಾದ್ರೂ ಸರಿಸ್ರಪ್ಪ."

"ಭಾರ ಇದೆ ಮೇಡಂ! ಗಾಜಿನ ಸಾಮಾನು! ಆಸಿಡ್ಡು!"

ಒಂಬತ್ತನೇ ತರಗತಿ ಇಡಿಯಾಗಿ ಬಂದು ಆ ಕಪಾಟನ್ನು ದೇವರ ಪಲ್ಲಕ್ಕಿಯ ಹಾಗೆ ಎತ್ತಿ ಅತ್ತ ಇಟ್ಟಿತು. ಕವನಾ ಕೋಲು ಹಿಡಿದು ವಿಜಯಳಿಗೆ ವಿವರಿಸುತ್ತಾ ಬಂದಳು. ಏಳು, ಎಂಟು, ಒಂಬತ್ತು. ವಿಜಯಾ ನಿಂತಳು.

ಕೊಡೆ ಕರೀದು. ಮುಖ ಕಾಣುತ್ತಿರಲಿಲ್ಲ. ಆದರೆ ಕೊಡೆಯ ಎಡಬದಿಯಲ್ಲಿ ಅಂಗೈಯಗಲದ ಒಂದು ತೇಪೆ, ಹಸಿರು ನೆಲದ ಮೇಲೆ ಹಳದಿ ಮಾವಿನಕಾಯಿ. ವಿಜಯಳ ಹಳೆಯ ರವಿಕೆಯ ಬಟ್ಟೆ, ಹಾಕಿದ್ದು ಅವಳದೇ ಕೈ. ಕವನಾ ಕಣ್ಣಾರೆ ಕಂಡದ್ದನ್ನು ಒಂದು ಹೊಲಿಗೆಯೂ ತಪ್ಪದಂತೆ ಬರೆದಿದ್ದಳು.

ವಿಜಯಾ ಚಿತ್ರ ನೋಡಿದಳು. ಅಕ್ಷರ ಓದಿದಳು. ನನ್ನ ಕಡೆ ತಿರುಗಿ ಒಂದೇ ಮಾತು ಅಂದಳು.

"ಏಳಾ?"

ಆಮೇಲೆ ಕವನಾಳ ತಲೆ ಸವರಿ, ತನ್ನ ಮತವನ್ನು ಅವಳಿಗೇ ಹಾಕಿ ಮನೆಗೆ ನಡೆದಳು. ದಾರಿಯುದ್ದಕ್ಕೂ ನಾನು ಹಿಂದೆ ಹಿಂದೆ. ತಪ್ಪಾಯ್ತು ಕಣೇ, ಮಳೆ ಇತ್ತು, ಉಪ್ಪಿಟ್ಟು ತಣ್ಣಗಿತ್ತು, ನೀನು ಕಾಫಿ ಬಿಟ್ಟು ಒದ್ದಾಡೋದು ನೋಡಿದಷ್ಟೂ ಹೇಳಕ್ಕೆ ಬಾಯಿ ಬರಲಿಲ್ಲ ಅಂತ ಏನೇನೋ ಬಡಬಡಿಸಿದೆ. ಗೇಟಿನ ಹತ್ತಿರ ಬಂದು ಅವಳು ಹೇಳಿದ್ದು ಇಷ್ಟೇ: "ನಾಳೆ ಜಿನೇಶನ ಎದುರಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ."

ಭಾನುವಾರ ತೀರ್ಥಹಳ್ಳಿಯಲ್ಲಿ ಮಾವನ ಮನೆಯ ನಡುಮನೆ ತುಂಬ ಜನ. ಸಾಲಾಗಿ ಮಣೆ ಹಾಕಿದ್ದರು, ನನ್ನದು ಮೊದಲನೆಯದು. ಜಿನೇಶ ಶಾಲು ಬಿಡಿಸಿಕೊಂಡು, "ಬನ್ನಿ ಭಾವ, ಗೆದ್ರಿ" ಅಂದ. ಎರಡು ತಿಂಗಳಿಂದ ನಾನು ಕನಸು ಕಂಡ ಗಳಿಗೆ. ಮಣೆಯ ಎದುರು ನಿಂತೆ, ಕೂರಲಿಲ್ಲ.

"ನಾನು ಕೂರೋ ಹಾಗಿಲ್ಲ" ಅಂದೆ. "ಆಗಸ್ಟ್ ಆರನೇ ತಾರೀಖು ನಿಯಮ ಮುರಿದೆ. ಏಳು ಬೋಂಡ ತಿಂದೆ. ಆಮೇಲೆ ನಿಮಗೆಲ್ಲ ಫೋನಲ್ಲಿ ಸುಳ್ಳು ಹೇಳಿದೆ. ಕ್ಷಮಿಸಿ."

ನಾನು ಕಣ್ಣು ಮುಚ್ಚಿಕೊಂಡೆ. ಆಗ ಯಾವುದೋ ಮೂಲೆಯಿಂದ ಫಕ್ಕನೆ ಒಂದು ನಗು, ಆಮೇಲೆ ಇನ್ನೊಂದು, ಆಮೇಲೆ ಇಡೀ ಮನೆ. ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರು.

"ಗೊತ್ತು ಭಾವ!" ಜಿನೇಶ ಕಣ್ಣೊರೆಸಿಕೊಂಡ. "ಅಕ್ಕ ಆವತ್ತು ಸಂಜೇನೇ ಫೋನ್ ಮಾಡಿದ್ಲು. ಕಾಲರೇಖೆ ಅಂತ ಕುಣೀತಾ ಬಂದಿದಾರೆ, ಮೀಸೆ ತುಂಬ ಚಟ್ನಿ ಇದೆ ಅಂತ. ಪ್ರತಿ ಭಾನುವಾರ ನಿಮ್ಮ ಫೋನ್ ಬರೋ ಹೊತ್ತಿಗೆ ನಾವೆಲ್ಲ ಸ್ಪೀಕರ್ ಹಾಕ್ಕೊಂಡು ಕೂತಿರ್ತಿದ್ವಿ. 'ಇವತ್ತಿಗೆ ನಲವತ್ತಮೂರನೇ ದಿನ' ಅಂದಾಗ ಅಮ್ಮಂಗೆ ನೆತ್ತಿಗೆ ಹತ್ತಿ ನೀರು ಕೊಡ್ಬೇಕಾಯ್ತು."

ನಾನು ವಿಜಯಳನ್ನು ನೋಡಿದೆ. "ಅಲ್ಲ, ಗೊತ್ತಿದ್ದೂ ನೀನು ಕಾಫಿ ಕುಡೀಲಿಲ್ವಾ?"

"ನಾನು ಬಿಟ್ಟೆ ಅಂದ್ರೆ ಬಿಟ್ಟೆ" ಅಂದಳು. "ನಿಮ್ಮ ಚಾರ್ಟಿಂದ ಹೊಸದಾಗಿ ಗೊತ್ತಾಗಿದ್ದು ಏಳು ಅನ್ನೋದು ಮಾತ್ರ. ನಾನು ಎರಡು ಅಂದ್ಕೊಂಡಿದ್ದೆ."

ನನ್ನ ಮಣೆಯ ಮೇಲೆ ಅವಳು ಕೂತಳು. ಶಾಲು ಹೊದಿಸಿದರು, ಅತ್ತೆ ಬೆಳ್ಳಿ ಲೋಟದಲ್ಲಿ ಕಾಫಿ ತಂದುಕೊಟ್ಟರು. ಮೊದಲ ಗುಟುಕಿಗೆ ಅವಳ ಮುಖ ಅರಳಿದ್ದು ನೋಡಿ ನನಗೂ ಹಟ ಬಂತು. ಅಲ್ಲೇ ಎಲ್ಲರ ಎದುರು ಹೊಸದಾಗಿ ನಿಯಮ ತೆಗೆದುಕೊಂಡೆ.

ಇವತ್ತಿಗೆ ಇಪ್ಪತ್ತೆಂಟನೇ ದಿನ. ದೇವರಾಣೆ ಮುಟ್ಟಿಲ್ಲ. ಶಾಲೆಯಿಂದ ಬರುವಾಗ ಅರ್ಧ ಮೈಲಿ ಸುತ್ತುಹಾಕಿ ಹಿಂದಿನ ರಸ್ತೆಯಲ್ಲಿ ಬರುತ್ತೇನೆ. ಪ್ರತಿ ಭಾನುವಾರ ಫೋನ್ ಮಾಡಿ, "ಜಿನೇಶಾ, ನಿಜವಾಗ್ಲೂ ಕಣೋ" ಅನ್ನುತ್ತೇನೆ. ಆ ಕಡೆ ಮನೆಮಂದಿಯೆಲ್ಲ ನಗುವುದು ಕೇಳಿಸುತ್ತದೆ.