ಕಾಕಾ ಮಾಡಿದ ಸರ್ವನಾಮಗಳು

ನಾನು ನಿಂತಿದ್ದು ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ, ಕಂಬದ ಬಲಕ್ಕೆ, ಅವಲಕ್ಕಿಯ ತಾಟು ಹಿಡಿದುಕೊಂಡು. ಸೋಮವಾರ, ಬೆಳಗಿನ ಹನ್ನೊಂದು. ಇಷ್ಟು ಕರಾರುವಾಕ್ಕಾಗಿ ಏಕೆ ಹೇಳುತ್ತಿದ್ದೇನೆಂದರೆ, ಮುಂದಿನದನ್ನು ಯಾರೂ ನಂಬುವುದಿಲ್ಲ. ನಮ್ಮ ಕಾಕಾ ಒಂದು ಭಾಷೆ ಮಾಡಿದ್ದರು.

ಭೂಸನೂರಿನ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ನಿಂತಾಗ ಉಳಿದ ಡ್ರೈವರುಗಳು ಇಸ್ಪೀಟು ಆಡುತ್ತಿದ್ದರು. ನಮ್ಮ ಕಾಕಾನೂ ಡ್ರೈವರೇ, ಆದರೆ ಇವರು ಸರ್ವನಾಮ ಕಟ್ಟುತ್ತಿದ್ದರು! ನನ್ನ ತಂಗಿ ನೀಲಮ್ಮ ಅಲ್ಲಿಗೆ ಬುತ್ತಿ ಒಯ್ದು, ಯಾಕೋ ತಡವಾಗಿ ಮರಳುತ್ತಿದ್ದಳು. ಅವಳಿಗೆ ಮಾತು ತೊದಲುತ್ತದೆ. ಮನೆಯಲ್ಲಿ ಅವಳ ವಾಕ್ಯಗಳನ್ನು ನಾವೇ ಮುಗಿಸಿಕೊಡುತ್ತಿದ್ದೆವು, ಉಪಕಾರವೆಂಬಂತೆ.

ನಾನು ಅಫಜಲಪುರದ ಶಾಲೆಯಲ್ಲಿ ಕನ್ನಡ ಕಲಿಸುವವನು. ತಪ್ಪು ಹಿಡಿಯದೆ ಬಿಟ್ಟೇನೆ?

"ಕಾಕಾ, ಬೆಕ್ಕು ಅಂದ್ರ ತಿಮು, ಬೆಕ್ಕುಗಳು ತಿಮುಲೊ. ನಾನು ಅಂದ್ರ ಹಾ. ಹಂಗಾದ್ರ ನಾವು ಅಂದ್ರ ಹಾಲೊ ಆಗಬೇಕಲ್ರಿ? ಓವಿ ಹೆಂಗ ಆತು?"

"ದಿನಾ ಹಿಡಿಯೋ ಕುಡಗೋಲಿನ ಹಿಡಿ ಸವೀತದಿಲ್ಲೋ ತಮ್ಮಾ? ಇದೂ ಹಂಗ."

"ಆಡೋರ ಇಲ್ಲದ ಭಾಷಾ ಹೆಂಗ ಸವೀತ್ರಿ?"

ಕಾಕಾ ಚಹಾ ಕುಡಿದರು.

ಜೇವರ್ಗಿಯ ಒಂದು ಮದುವೆಯಲ್ಲಿ ಇವರು ಅದೇ ಭಾಷೆಯಲ್ಲಿ ಮಜ್ಜಿಗೆ ಕೇಳಿದರು. ಬಡಿಸುವವನು, "ಇವ್ರು ನಿಮ್ಮವರೇನ್ರಿ?" ಎಂದ. ನಾನು ಎಲೆಯಲ್ಲಿದ್ದ ಉಪ್ಪನ್ನು ಬಹಳ ಹೊತ್ತು ನೋಡಿದೆ.

ಆ ಸೋಮವಾರ ಇಜೇರಿ ಊರಿನಿಂದ ಗಂಡಿನ ಕಡೆಯವರು ನೀಲಮ್ಮನನ್ನು ನೋಡಲು ಬಂದಿದ್ದರು. ತೊದಲಿಗಾಗಿ ಎರಡು ಸಂಬಂಧ ಆಗಲೇ ತಪ್ಪಿದ್ದವು. ಕಾಕಾಗೆ ಬಾಯಿ ತೆರೆಯಬಾರದೆಂದು ತಾಕೀತು ಮಾಡಿ ಬಾಗಿಲ ಬಳಿ ಕೂಡಿಸಿದ್ದೆವು.

ವರನ ಸೋದರಮಾವ, "ಹುಡುಗಿ ಏನರ ಮಾತಾಡ್ಲಿ, ಕೇಳೋಣು" ಎಂದರು.

"ನ... ನ... ನ..."

ಅವರು ಚಹಾದ ಬಸಿಯನ್ನು ಕೆಳಗಿಟ್ಟರು. ಆಗ ಬಾಗಿಲ ಕಡೆಯಿಂದ ಕಾಕಾ ತಮ್ಮ ಭಾಷೆಯಲ್ಲಿ, "ಗಿ ಸೊರು ಮೆ?" ಎಂದುಬಿಟ್ಟರು. ಈ ಸಂಬಂಧವೂ ಮುಗಿಯಿತು ಎಂದುಕೊಂಡೆ.

ನೀಲಮ್ಮ ಅತ್ತ ತಿರುಗಿ ಉತ್ತರ ಕೊಟ್ಟಳು. ಒಂದು ವಾಕ್ಯ, ಅದರ ಹಿಂದೆ ಇನ್ನೊಂದು. ಎಲ್ಲಿಯೂ ನಿಲ್ಲಲಿಲ್ಲ. ತಂಗಿಯ ಬಾಯಲ್ಲಿ ಇಡೀ ವಾಕ್ಯವೊಂದನ್ನು ನಾನು ಕೇಳಿದ್ದು ಅದೇ ಮೊದಲು.

"ಇದು ಯಾವ ಕಡಿ ಭಾಷಾರಿ? ಮರಾಠಿ ಇದ್ದಂಗಿಲ್ಲ" ಎಂದರು ಮಾವ.

"ನಮ್ಮ ಟ್ರ್ಯಾಕ್ಟರ್ ಕಡಿದ್ರಿ" ಎಂದರು ಕಾಕಾ.

ಮಾವನ ಪಕ್ಕದಲ್ಲಿ ಕೂತಿದ್ದ ವರ ನೇರವಾಗಿ ಅವಳನ್ನೇ ಕೇಳಿದ: "ಅದರಾಗ ನಾನು ಅನ್ನಾಕ ಏನಂತೀರಿ?"

"ಹಾ."

"ನಾವು ಅನ್ನಾಕ?"

"ಓವಿ."

ಅವನು ಅದನ್ನು ಮೆಲ್ಲಗೆ ಒಮ್ಮೆ ಅಂದು ನೋಡಿದ.

ಆ ಭಾಷೆಯನ್ನು ಆಡುವವಳು ಇದ್ದಳು, ಬುತ್ತಿ ಒಯ್ದು ತಡವಾಗಿ ಬರುತ್ತಿದ್ದವಳು. ಬೆಕ್ಕುಗಳ ಬಗ್ಗೆ ಅವಳಿಗೆ ಹೇಳುವುದೇನೂ ಇರಲಿಲ್ಲ, ಆ ಪದ ನಿಯಮದಂತೆಯೇ ಉಳಿದಿತ್ತು. ನಾನು, ನೀನು, ನಾವು ದಿನವೂ ಬೇಕಿದ್ದವು. ಅವಳ ನಾಲಿಗೆ ಎಡವಿದ ಪದದಲ್ಲೆಲ್ಲ ಕಾಕಾ ಕಲ್ಲು ಎತ್ತಿ ಬದಿಗಿಟ್ಟಿದ್ದರು. ನಾನು ಅದನ್ನು ತಪ್ಪೆಂದು ತಿದ್ದಲು ಹೋಗಿದ್ದೆ.

ಕಾಕಾ ಈಗಿಲ್ಲ, ಆ ಮಾವನೂ ಇಲ್ಲ. ಕಂಡವರಲ್ಲಿ ಉಳಿದವರು ಅಂದು ಒಳಗಿನಿಂದ ನೋಡುತ್ತಿದ್ದ ಅವ್ವ, ನಾನು, ಇಜೇರಿಯಲ್ಲಿರುವ ನೀಲಮ್ಮ ಮತ್ತು ಅವಳ ಗಂಡ ಶಿವಶರಣಪ್ಪ. ಅವರಿಬ್ಬರೂ ಮನೆಯಲ್ಲಿ ಆ ಭಾಷೆಯನ್ನೇ ಆಡುತ್ತಾರೆ. ಹೋದಾಗ ನಾನು ಸುಮ್ಮನೆ ಕೂತು ಕೇಳುತ್ತೇನೆ. ನನಗೆ ಬರುವುದಿಲ್ಲ.